ಇಟಲಿಯಲ್ಲಿ ಪಾಸ್ತಾ ಕ್ಲಾಸ್‌ಗೆ ಹೋಗುವವರು ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ, ಸಸ್ಯಾಹಾರಿಗಳಂತೂ ಖಂಡಿತ ಓದಿ

ಜಯನಗರದ ಅಡುಗೆಮನೆ | ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನಾನು, ನಮ್ಮ ಯಜಮಾನರು, ನಮ್ಮಮ್ಮ ಮೂವರೂ ಇಟಲಿಗೆ ಹೋಗಿ ಬಂದೆವು. ಊರುಗಳ ಬಗ್ಗೆ, ವೀಸಾ ಬಗ್ಗೆ ಇಲ್ಲಿ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯಲು ಕೂತಿದ್ದು ಎರಡು ಅಡುಗೆ ಕ್ಲಾಸ್‌ಗಳ ಬಗ್ಗೆ. ಒಂದರಲ್ಲಿ ದುಡ್ಡು ದಂಡವಾಯಿತು. ಇನ್ನೊಂದರ ಕತೆಯನ್ನು ಅಮ್ಮ ಇವತ್ತಿಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ.

ಮೊದಲನೆಯದು ಫ್ಲಾರೆನ್ಸ್‌ನಲ್ಲಿ. ಜಾಹೀರಾತಿನಲ್ಲಿ "ನಿಮ್ಮ ಕೈಯಾರೆ ಮಾಡಿ ಕಲಿಯಿರಿ" ಅಂತ ದೊಡ್ಡದಾಗಿ ಹಾಕಿದ್ದರು. ಒಳಗೆ ಹೋದರೆ ಇಪ್ಪತ್ತಾರು ಜನ. ಹಿಟ್ಟು ಮೊದಲೇ ಕಲಸಿಟ್ಟಿದ್ದರು. ನಮಗೆ ನಿಂಬೆಹಣ್ಣಿನ ಗಾತ್ರದ ಒಂದೊಂದು ಉಂಡೆ ಕೊಟ್ಟರು. ಅದನ್ನು ಮಷೀನಿಗೆ ಹಾಕಿ ಹಿಡಿಕೆ ತಿರುಗಿಸಿದ್ದಷ್ಟೇ ನಮ್ಮ ಕೆಲಸ. ಸಾಸ್ ಯಾವಾಗ ಕುದಿಯಿತು, ಅದಕ್ಕೆ ಏನೇನು ಬಿತ್ತು, ಯಾರಿಗೂ ಗೊತ್ತಾಗಲಿಲ್ಲ. ಎರಡು ಗಂಟೆಯಲ್ಲಿ ಫೋಟೋ, ಊಟ, ಸರ್ಟಿಫಿಕೇಟ್ ಎಲ್ಲ ಮುಗಿಯಿತು. ಸಸ್ಯಾಹಾರಿ ಅಂತ ಬುಕ್ ಮಾಡುವಾಗಲೇ ಬರೆದಿದ್ದೆ. ಆದರೂ ಅಮ್ಮನ ತಟ್ಟೆಗೆ ಬಂದಿದ್ದು ಮೊಟ್ಟೆ ಹಾಕಿದ ಪಾಸ್ತಾ. ಅವರ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರಿಗಳು ತಿನ್ನುವ ಪದಾರ್ಥವೇ. ಅಮ್ಮ ಬ್ರೆಡ್ಡು, ಸಲಾಡ್ ತಿಂದು ಎದ್ದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಎರಡನೆಯದು ಬೊಲೋನ್ಯಾದಲ್ಲಿ. ಫ್ಲಾರೆನ್ಸ್‌ನಿಂದ ವೇಗದ ರೈಲಿನಲ್ಲಿ ಸುಮಾರು ನಲವತ್ತು ನಿಮಿಷ. ಈ ಸಲ ದುಡ್ಡು ಕಟ್ಟುವ ಮುಂಚೆಯೇ ಇಟಾಲಿಯನ್ ಭಾಷೆಯಲ್ಲಿ ಮೆಸೇಜ್ ಕಳಿಸಿ ಕೇಳಿದೆ: ಅಮ್ಮ ಮಾಂಸ, ಮೀನು, ಮೊಟ್ಟೆ ಮೂರೂ ಮುಟ್ಟುವುದಿಲ್ಲ, ಅವರಿಗೂ ಏನಾದರೂ ಮಾಡಲು ಇರುತ್ತಾ ಅಂತ. ಒಂದೇ ಗಂಟೆಯಲ್ಲಿ ಉತ್ತರ ಬಂತು. "ನಿಮ್ಮ ಅಮ್ಮನಿಗೆ ಬೇರೆ ಮಣೆ, ಬೇರೆ ಹಿಟ್ಟು ಇಟ್ಟಿರುತ್ತೇನೆ" ಅಂತ. ಅದು ಒಬ್ಬ ಹೆಂಗಸಿನ ಮನೆ. ನಮ್ಮನ್ನೂ ಸೇರಿಸಿ ಆರೇ ಜನ. ಬೆಳಿಗ್ಗೆ ಹತ್ತಕ್ಕೆ ಹೋದವರು ಊಟ ಮುಗಿಸಿ ಎದ್ದಾಗ ಎರಡೂವರೆ. ತಲೆಗೆ 95 ಯೂರೋ.

ಅಲ್ಲಿ ಲಟ್ಟಿಸಿದ ಹಾಳೆಗೆ ಸ್ಫೋಲ್ಯಾ ಅನ್ನುತ್ತಾರೆ. ಅದನ್ನು ಮಾಡುವವರು ಸ್ಫೋಲ್ಯೀನಾ. ಲೆಕ್ಕ ಸುಲಭ: ಒಂದು ಮೊಟ್ಟೆಗೆ 100 ಗ್ರಾಂ ಹಿಟ್ಟು. ಎಣ್ಣೆ ಇಲ್ಲ, ಉಪ್ಪೂ ಇಲ್ಲ. ಹಿಟ್ಟು ಅಂದರೆ '00' ನಂಬರಿನ ನುಣ್ಣನೆಯದು, ನಮ್ಮ ಮೈದಾಗೆ ಹತ್ತಿರ. ನಾದಿ ಅರ್ಧ ಗಂಟೆ ಮುಚ್ಚಿಡಬೇಕು. ಹೋಳಿಗೆ ಕಣಕಕ್ಕೆ ನಾವು ಹೇಗೆ ಸಮಯ ಕೊಡುತ್ತೇವೋ ಹಾಗೆ. ಬಿಗಿ ಬಿಟ್ಟರೇ ಹಾಳೆ ಹಿಗ್ಗುವುದು.

ಲಟ್ಟಣಿಗೆ ನನ್ನ ತೋಳಿಗಿಂತ ಉದ್ದ ಇತ್ತು. ನನಗೆ ಚಪಾತಿ ಅಭ್ಯಾಸ ಅಡ್ಡ ಬಂತು. ನಾವು ಅಂಚಿನಲ್ಲಿ ಒತ್ತಿ ತಿರುಗಿಸುತ್ತೇವೆ ಅಲ್ವಾ? ಕಲಿಸುತ್ತಿದ್ದ ಆ ಮನೆಯ ಅಮ್ಮ ನನ್ನ ಹಿಂದೆ ಬಂದು ನಿಂತು, ನನ್ನ ಕೈಮೇಲೆ ಕೈ ಇಟ್ಟರು. ಒತ್ತಬೇಡ, ತಳ್ಳು ಅಂತ ತೋರಿಸಿದರು. ಅಂಗೈ ಬುಡದಿಂದ ಲಟ್ಟಣಿಗೆಯನ್ನು ಮುಂದಕ್ಕೆ ತಳ್ಳಬೇಕು. ಹಾಳೆಯ ಅಂಚನ್ನು ಲಟ್ಟಣಿಗೆಗೆ ಸುತ್ತಿಕೊಂಡು, ನಡುವಿನಿಂದ ಎರಡೂ ಬದಿಗೆ ಕೈ ಸವರಿಕೊಂಡು ಹೋಗಬೇಕು. ಆಮೇಲೆ ಸ್ವಲ್ಪ ತಿರುಗಿಸಿ ಬಿಚ್ಚಬೇಕು. ಐದಾರು ಸಲ ಹಾಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಯಿತು. ಅವರು ಸುಮ್ಮನೆ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಕೈಗೆ ಹಿಡಿತ ಸಿಕ್ಕಿತು. ಹಾಳೆ ಮಣೆಯ ಅಂಚು ದಾಟಿ ಸೆರಗಿನ ಹಾಗೆ ಇಳಿಬಿತ್ತು. ಕಿಟಕಿಗೆ ಹಿಡಿದರೆ ಅದರೊಳಗಿಂದ ಗುಡ್ಡದ ಮೇಲಿನ ಸ್ಯಾನ್ ಲೂಕಾ ಚರ್ಚ್ ಕಾಣಬೇಕು ಅಂತ ಬೊಲೋನ್ಯಾದವರು ಹೇಳುತ್ತಾರಂತೆ. ನನ್ನ ಹಾಳೆಯಲ್ಲಿ ಕಿಟಕಿಯ ಚೌಕಟ್ಟು ಮಸುಕಾಗಿ ಕಂಡಿತು. ನನಗೆ ಅಷ್ಟೇ ಸಾಕಾಗಿತ್ತು.

ಅದನ್ನು ಮಡಿಸಿ ಕತ್ತರಿಸಿದರೆ ತಾಲ್ಯಾತೆಲ್ಲೆ ಅನ್ನುವ ಪಟ್ಟಿ ಪಾಸ್ತಾ. ಅಗಲಕ್ಕೂ ಅಳತೆ ಇದೆ. ಬೆಂದ ಮೇಲೆ 8 ಮಿಲಿಮೀಟರ್ ಇರಬೇಕು ಅಂತ 1972ರಲ್ಲಿ ಊರಿನ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿಸಿದ್ದಾರೆ. ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ರಲ್ಲಿ ಒಂದು ಭಾಗ ಅಂತ ಲೆಕ್ಕ. ಅಡುಗೆಯ ಮೇಲೆ ಇಷ್ಟು ಅಕ್ಕರೆ ಇರುವ ಊರು ಅದು.

ಇನ್ನು ಅಮ್ಮ. ಅವರಿಗೆ ಕೊಟ್ಟಿದ್ದು ಬರೀ ಹಿಟ್ಟು, ನೀರಿನ ಮುದ್ದೆ. ಪಕ್ಕದ ರೊಮಾನ್ಯಾ ಸೀಮೆಯ ಸ್ತ್ರೊತ್ಸಾಪ್ರೇತಿ ಅನ್ನುವ ಪಾಸ್ತಾಕ್ಕೆ ಮೊಟ್ಟೆ ಬೇಕಿಲ್ಲ. ಹಾಳೆಯನ್ನು ಪಟ್ಟಿ ಕತ್ತರಿಸಿ, ಎರಡೂ ಅಂಗೈ ನಡುವೆ ಇಟ್ಟು ಹೊಸೆದು, ಬೆರಳುದ್ದಕ್ಕೆ ಚಿವುಟಿ ಹಾಕಬೇಕು. ಆ ಅಮ್ಮ ಒಂದೇ ಸಲ ತೋರಿಸಿದರು. ನಮ್ಮಮ್ಮ ಪಟ್ಟಿ ಕೈಗೆ ತೆಗೆದುಕೊಂಡರು, ಹೊಸೆದರು, ಚಿವುಟಿದರು. ಮತ್ತೆ ಹೊಸೆದರು. ನಲವತ್ತು ವರ್ಷದಿಂದ ದಿನಾ ದೇವರ ದೀಪಕ್ಕೆ ಬತ್ತಿ ಹೊಸೆಯುವ ಕೈ ಅದು. ಹತ್ತು ನಿಮಿಷದಲ್ಲಿ ಮಣೆ ತುಂಬಿತು. ಎಲ್ಲವೂ ಒಂದೇ ಅಳತೆ. ಆ ಅಮ್ಮ ತಮ್ಮ ಕೆಲಸ ಬಿಟ್ಟು ಬಂದು ನಮ್ಮಮ್ಮನ ಎರಡೂ ಅಂಗೈ ತಿರುಗಿಸಿ ನೋಡಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ಅಮ್ಮ ತಮ್ಮ ಕೈಚೀಲದಿಂದ ಒಂದು ಹೂಬತ್ತಿ ತೆಗೆದು ಅವರ ಕೈಲಿಟ್ಟರು.

ಮುಂದಿನ ವರ್ಷ ದಕ್ಷಿಣ ಇಟಲಿಗೆ ಹೋಗುವ ಯೋಚನೆ ಇದೆ. ಆ ಕಡೆ ಕ್ಲಾಸ್ ಮಾಡಿದವರು ಇದ್ದರೆ ದಯವಿಟ್ಟು ಬರೆಯಿರಿ.


ರೈಲುಪ್ರಿಯ | ಮೈಸೂರು

ಮೇಡಂ, ಓದಿ ಕಣ್ಣು ತುಂಬಿ ಬಂತು. ಒಂದು ಪ್ರಶ್ನೆ. ಎಲ್ಲ ಜಾಹೀರಾತಿನಲ್ಲೂ ಕೈಯಾರೆ ಮಾಡಿ ಅಂತಲೇ ಇರುತ್ತದೆ. ನಿಜವಾಗಿ ಮಾಡಿಸುತ್ತಾರೋ ಇಲ್ಲವೋ ಅಂತ ಮೊದಲೇ ತಿಳಿಯುವುದು ಹೇಗೆ?


ಜಯನಗರದ ಅಡುಗೆಮನೆ

ಸರ್, ನಾನು ಈಗ ಮುಖ್ಯವಾಗಿ ಒಂದನ್ನೇ ಕೇಳುತ್ತೇನೆ: "ಒಣ ಹಿಟ್ಟಿನಿಂದ ಶುರು ಮಾಡುತ್ತೇವಾ?" ಅಂತ. ಹೌದು ಅಂದರೆ ಅರ್ಧ ನೆಮ್ಮದಿ. ಹಿಟ್ಟು ಕಲಸುವಾಗ ಅದು ಮೊದಲು ಪುಡಿಪುಡಿ ಇದ್ದು, ಆಮೇಲೆ ಅಂಟಂಟಾಗಿ, ಕೊನೆಗೆ ಕಿವಿಯ ಹಾಲೆಯಷ್ಟು ಮೆತ್ತಗಾಗುವುದನ್ನು ಕೈ ನೋಡಬೇಕು. ಕಲಸಿಟ್ಟ ಉಂಡೆ ಕೊಟ್ಟರೆ ಮನೆಗೆ ಬಂದ ಮೇಲೆ ಏನೂ ನೆನಪಿರುವುದಿಲ್ಲ.

ಆಮೇಲೆ ಎಷ್ಟು ಜನ, ಒಬ್ಬೊಬ್ಬರಿಗೂ ಬೇರೆ ಮಣೆ ಇದೆಯಾ ಅಂತ ಕೇಳಿ. ಎಂಟು ಜನಕ್ಕಿಂತ ಜಾಸ್ತಿ ಇದ್ದರೆ ನಾನಂತೂ ಹೋಗಲ್ಲ. ಮೂರು ಗಂಟೆಗಿಂತ ಕಡಿಮೆ ಅಂದರೂ ಅನುಮಾನ ಪಡಿ. ನಾದುವುದು, ಅರ್ಧ ಗಂಟೆ ಬಿಡುವುದು, ಲಟ್ಟಿಸುವುದು, ಸಾಸ್, ಊಟ, ಇಷ್ಟೂ ಎರಡು ಗಂಟೆಯಲ್ಲಿ ಆಗುವ ಮಾತಲ್ಲ.


ಮಿತವ್ಯಯಿ | ತುಮಕೂರು

ಬೇಜಾರು ಮಾಡಿಕೊಳ್ಳಬೇಡಿ. ಮೂವರಿಗೆ 285 ಯೂರೋ ಅಂದರೆ ನಮ್ಮಂಥವರಿಗೆ ದೊಡ್ಡ ದುಡ್ಡು. ಇದೇ ಪಾಸ್ತಾ ವಿಡಿಯೋ ನೋಡಿ ಮನೆಯಲ್ಲಿ ಮಾಡಬಹುದಲ್ಲ? ಅದೇ ದುಡ್ಡಿನಲ್ಲಿ ಇನ್ನೊಂದು ಊರು ನೋಡಬಹುದಿತ್ತು ಅನ್ನಿಸಿತು.


ಮ್ಯೂನಿಕ್ ಕನ್ನಡಿಗ | ಜರ್ಮನಿ

ಮಿತವ್ಯಯಿ ಅವರೇ, ನಿಮ್ಮ ಮಾತು ನ್ಯಾಯವಾದದ್ದೇ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ವಿಡಿಯೋ ನೋಡಿ ಆರು ಸಲ ನ್ಯೋಕ್ಕಿ, ಅಂದರೆ ಆಲೂಗಡ್ಡೆಯ ಪುಟ್ಟ ಕಡುಬಿನಂಥದ್ದು, ಮಾಡಿದ್ದೆ. ಆರು ಸಲವೂ ಅಂಟಿನ ಮುದ್ದೆ. ಆಮೇಲೆ ವೆರೋನಾದಲ್ಲಿ ಒಂದು ಮನೆಗೆ ಕಲಿಯಲು ಹೋದೆ. ಇಲ್ಲಿಂದ ಬ್ರೆನ್ನರ್ ದಾರಿಯ ರೈಲು ಹತ್ತಿದರೆ ನೇರ ವೆರೋನಾ. ಆ ಅಜ್ಜಿ ನನ್ನ ಹಿಟ್ಟನ್ನು ಒಂದು ಬೆರಳಲ್ಲಿ ಮುಟ್ಟಿ ನೋಡಿ, ನೀನು ಜಾಸ್ತಿ ನಾದುತ್ತೀಯ ಅಂದರು. ಅಷ್ಟೇ. ಆಲೂಗಡ್ಡೆ ಬಿಸಿ ಇರುವಾಗಲೇ ಸಿಪ್ಪೆ ತೆಗೆದು ಜರಡಿಯಲ್ಲಿ ಒತ್ತಿದ ಹಾಗೆ ನುಣ್ಣಗೆ ಹಿಸುಕಬೇಕು, ಹಬೆ ಹೋಗಲು ಬಿಡಬೇಕು, ಹಿಟ್ಟು ಎಷ್ಟು ಕಡಿಮೆ ಆಗುತ್ತದೋ ಅಷ್ಟು ಹಾಕಬೇಕು, ಒಂದಾದ ತಕ್ಷಣ ಕೈ ತೆಗೆಯಬೇಕು. ವಿಡಿಯೋದಲ್ಲೂ ಇದನ್ನೇ ಹೇಳಿದ್ದರು. ಆದರೆ ವಿಡಿಯೋಗೆ ನನ್ನ ಹಿಟ್ಟು ಮುಟ್ಟಿ ನೋಡಲು ಆಗುವುದಿಲ್ಲವಲ್ಲ.

ಸಸ್ಯಾಹಾರಿಗಳಿಗೆ ಇನ್ನೊಂದು ವಿಷಯ. ಇದನ್ನು ದಯವಿಟ್ಟು ಗಮನಿಸಿ. ಪಾರ್ಮಿಜಾನೋ ರೆಜಾನೋ ಚೀಸ್‌ಗೆ ಹಾಲನ್ನು ಕರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್ ಅನ್ನುವ ಹೆಪ್ಪು ಹಾಕಿಯೇ ಒಡೆಸುತ್ತಾರೆ. ಅದು ಅವರ ನಿಯಮದಲ್ಲೇ ಇದೆ. ಪೆಕೊರಿನೊ ರೊಮಾನೊ ಚೀಸ್‌ಗೆ ಕುರಿಮರಿಯದ್ದು. ಹಾಗಾಗಿ ಚೀಸ್ ಹಾಕಿದ ಸಾಸ್ ಸಸ್ಯಾಹಾರ ಅಂತ ಅವರು ಹೇಳಿದರೂ ನಮ್ಮ ಹಿರಿಯರು ಒಪ್ಪದೇ ಇರಬಹುದು. "ಕಾಲ್ಯೊ ವೆಜೆತಾಲೆ" ಅಂದರೆ ಸಸ್ಯಮೂಲದ ರೆನೆಟ್. ಆ ಮಾತು ಚೀಟಿಯ ಮೇಲೆ ಇದ್ದರೆ ತೊಂದರೆ ಇಲ್ಲ.

ಯುರೋಪಿನ ಕಾನೂನಿನ ಪ್ರಕಾರ ಹದಿನಾಲ್ಕು ಅಲರ್ಜಿ ಪದಾರ್ಥಗಳನ್ನು ಹೋಟೆಲಿನವರು ತಿಳಿಸಲೇಬೇಕು. ಮೊಟ್ಟೆ, ಹಾಲು, ಮೀನು, ಗೋಧಿ ಆ ಪಟ್ಟಿಯಲ್ಲಿವೆ. ಆದರೆ ಮಾಂಸ, ಹಂದಿ ಕೊಬ್ಬು ಅದರಲ್ಲಿ ಇಲ್ಲ. ಅವು ಅಲರ್ಜಿಯ ಪಟ್ಟಿಗೆ ಬರುವುದಿಲ್ಲ. ಅದಕ್ಕೇ ಪಟ್ಟಿ ನೋಡಿ ಸುಮ್ಮನಾಗಬೇಡಿ, ಬಾಯಿ ಬಿಟ್ಟು ಕೇಳಿ. ಸೆಂತ್ಸಾ ಅಂದರೆ ಇಲ್ಲದೆ. ಸೆಂತ್ಸಾ ಕಾರ್ನೆ, ಮಾಂಸ ಇಲ್ಲದೆ. ಸೆಂತ್ಸಾ ಉವೋವಾ, ಮೊಟ್ಟೆ ಇಲ್ಲದೆ. ಸೆಂತ್ಸಾ ಬ್ರೋದೊ ದಿ ಕಾರ್ನೆ, ಮಾಂಸದ ಸಾರು ಇಲ್ಲದೆ. ಸೆಂತ್ಸಾ ಸ್ತ್ರುತ್ತೊ, ಹಂದಿ ಕೊಬ್ಬು ಇಲ್ಲದೆ. ಈ ಕೊನೆಯದು ಬೊಲೋನ್ಯಾ ಕಡೆ ಬಹಳ ಮುಖ್ಯ. ಅಲ್ಲಿನ ಪಿಯದೀನಾ ರೊಟ್ಟಿ ನೋಡಲು ನಮ್ಮ ರೊಟ್ಟಿಯಂತೆಯೇ ಇರುತ್ತದೆ, ಆದರೆ ಸಾಮಾನ್ಯವಾಗಿ ಹಿಟ್ಟಿಗೇ ಸ್ತ್ರುತ್ತೊ ಕಲಸಿರುತ್ತಾರೆ.


ಜಯನಗರದ ಅಡುಗೆಮನೆ

ಬಹಳ ಉಪಕಾರ ಆಯಿತು. ಚೀಸ್ ವಿಷಯ ಹೋಗುವ ಮುಂಚೆಯೇ ಯಾರೋ ಹೇಳಿದ್ದರು. ಅದಕ್ಕೇ ಅಮ್ಮನಿಗೆ ಬರೀ ಬೆಣ್ಣೆ, ಸೇಜ್ ಅನ್ನುವ ಪರಿಮಳದ ಎಲೆ ಹಾಕಿ ಕೊಟ್ಟರು. ಬೆಣ್ಣೆ ಕಾಯುವಾಗ ಎಲೆ ಹಾಕಿದರೆ ಚಟಪಟ ಅಂದು ಗರಿಗರಿಯಾಗುತ್ತದೆ. ಒಗ್ಗರಣೆಗೆ ಕರಿಬೇವು ಹಾಕಿದ ಹಾಗೆ. ಅಮ್ಮನಿಗೆ ಅದೇ ಇಷ್ಟವಾಯಿತು.


ಗಿರಣಿ ಓಣಿ | ಧಾರವಾಡ

ಅಕ್ಕಾ, ನಿಮ್ಮ ಅಮ್ಮ ಹೊಸೆದಿದ್ದನ್ನು ಓದಿ ನನಗೆ ನಮ್ಮಜ್ಜಿ ನೆನಪಾದರು. ಮದುವೆ ಗೊತ್ತಾದರೆ ಸಾಕು, ನಮ್ಮ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ಶಾವಿಗೆ, ಗವಲಿ ಮಾಡುತ್ತಿದ್ದರು. ಗವಲಿ ಅಂದರೆ ಗೋಧಿ ಹಿಟ್ಟಿನ ಸಣ್ಣ ಸಣ್ಣ ಕಾಳು, ಬೆರಳಲ್ಲೇ ಹೊಸೆಯುವುದು, ಒಣಗಿಸಿ ಇಟ್ಟು ಪಾಯಸಕ್ಕೆ ಹಾಕುವುದು. ಇನ್ನೊಂದು ಬಗೆಗೆ ಹೊಸ ಬಾಚಣಿಗೆ ತಂದು, ತೊಳೆದು, ಅದರ ಹಲ್ಲಿನ ಮೇಲೆ ಹಿಟ್ಟು ಒತ್ತಿ ಗೆರೆ ಮೂಡಿಸುತ್ತಿದ್ದರು.

ಎರಡು ವರ್ಷದ ಹಿಂದೆ ಆಫೀಸ್ ಕೆಲಸಕ್ಕೆ ಇಮೊಲಾ ಊರಿಗೆ ಹೋಗಿದ್ದೆ. ಭಾನುವಾರ ಬಿಡುವಿತ್ತು, ಒಂದು ಕ್ಲಾಸ್‌ಗೆ ಹೋದೆ. ಅಲ್ಲಿ ಗಾರ್ಗನೆಲ್ಲಿ ಅನ್ನುವ ಪಾಸ್ತಾ ಕಲಿಸಿದರು. ಚೌಕದ ಹಾಳೆಯನ್ನು ಮೂಲೆಯಿಂದ ಒಂದು ಕಡ್ಡಿಗೆ ಸುತ್ತಿ, ಗೆರೆ ಗೆರೆ ಇರುವ ಹಲಗೆಯ ಮೇಲೆ ಒತ್ತಿ ಉರುಳಿಸಬೇಕು. ಕಡ್ಡಿ ಎಳೆದರೆ ಗೆರೆ ಇರುವ ಕೊಳವೆ. ಆ ಹಲಗೆಗೆ ಪೆತ್ತಿನೆ ಅನ್ನುತ್ತಾರೆ. ಪೆತ್ತಿನೆ ಅಂದರೆ ಏನು ಅಂತ ಕೇಳಿದೆ. ಬಾಚಣಿಗೆ ಅಂದರು! ಹಿಂದೆ ಮಗ್ಗದ ಹಣಿಗೆಯ ಮೇಲೆ ಉರುಳಿಸುತ್ತಿದ್ದರಂತೆ. ನಾನು ಫೋನಿನಲ್ಲಿ ಗವಲಿ ಫೋಟೋ ತೋರಿಸಿದೆ. ಕ್ಲಾಸು ಅರ್ಧ ಗಂಟೆ ಅಲ್ಲೇ ನಿಂತಿತು.

ಗೆರೆ ಚಂದಕ್ಕೆ ಮಾತ್ರ ಅಲ್ಲ. ಸಾಸ್ ಜಾರದೆ ಅಲ್ಲಿ ನಿಲ್ಲುತ್ತದೆ. ಮರದ ಮಣೆಯ ಮೇಲೇ ಲಟ್ಟಿಸಬೇಕು ಅನ್ನುವುದೂ ಇದೇ ಕಾರಣಕ್ಕೆ. ಮರದ ಒರಟು ಹಾಳೆಯ ಮೇಲೆ ಮೂಡುತ್ತದೆ, ಸ್ಟೀಲಿನ ಮೇಲೆ ಲಟ್ಟಿಸಿದರೆ ಮೂಡಲ್ಲ.

ಇನ್ನೊಂದು ಮಾತು. ಅವರು ಫಾರ್ರೊ ಅಂತ ಬಹಳ ಹೆಮ್ಮೆಯಿಂದ ಒಂದು ಹಳೇ ಗೋಧಿ ತೋರಿಸಿದರು. ಅದು ನಮ್ಮ ಕಡೆಯ ಜವೆ ಗೋಧಿಯ ಜಾತಿಯೇ. ನಮ್ಮ ಅಜ್ಜಿಯ ಗೋಧಿ ಹುಗ್ಗಿ ಅದರದ್ದೇ.


ಒರಳು ಕಲ್ಲು | ಉಡುಪಿ

ನಾನು ಹೋಗಿದ್ದು ಜೆನೋವಾಕ್ಕೆ, ಪೆಸ್ತೊ ಅನ್ನುವ ಹಸಿರು ಸಾಸ್ ಕಲಿಯಲು. ಅಮೃತಶಿಲೆಯ ಒರಳು, ಮರದ ಒನಕೆ. ಮೊದಲು ಬೆಳ್ಳುಳ್ಳಿ, ಹರಳುಪ್ಪು. ಆಮೇಲೆ ಸಣ್ಣ ಎಲೆಯ ಬೇಸಿಲ್. ಅದು ನಮ್ಮ ತುಳಸಿಯ ಬಳಗದ್ದೇ, ಪರಿಮಳ ಮಾತ್ರ ಬೇರೆ. ಕುಟ್ಟಲು ಹೋದೆ, ತಡೆದರು. ಒರಳಿನ ಗೋಡೆಗೆ ಒತ್ತಿ ತಿರುಗಿಸಬೇಕಂತೆ, ಕುಟ್ಟಿದರೆ ಎಲೆ ಕಪ್ಪಾಗುತ್ತದೆ. ಮಿಕ್ಸಿಯ ಬ್ಲೇಡಿನ ಬಿಸಿಗೂ ಹಾಗೇ ಆಗುತ್ತದೆ. ಚಟ್ನಿ ಅರೆದು ಗೊತ್ತಿರುವವರಿಗೆ ಇದು ಎರಡು ನಿಮಿಷದ ಮಾತು. ಆ ಊರಿನಲ್ಲಿ ಒರಳಿನ ಪೆಸ್ತೊಗೆ ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯುತ್ತದೆ.

ಚೀಸ್ ಹಾಕುವುದು ಕೊನೆಗೆ. ನಮ್ಮ ಅತ್ತೆಗೆ ಬೇಕಾದಷ್ಟನ್ನು ಅದಕ್ಕೂ ಮುಂಚೆ ತೆಗೆದಿಟ್ಟೆವು. ಹಾಗೆ ಕೇಳಲು ಸಂಕೋಚ ಬೇಡ.


ನಾಲ್ಕು ಗಂಟೆ ಚಹಾ | ದುಬೈ

ನೇಪಲ್ಸ್‌ನಲ್ಲಿ ಪಿಜ್ಜಾ ಕ್ಲಾಸ್ ಮಾಡಿದ್ದೇನೆ. ಮೊಟ್ಟೆ ಬೇಡದವರಿಗೆ ಇದೇ ಸಲೀಸು. ಹಿಟ್ಟು, ನೀರು, ಉಪ್ಪು, ಯೀಸ್ಟ್, ಅಷ್ಟೇ. ಚೀಸೂ ಬೇಡ ಅಂದರೆ ಮರಿನಾರಾ ಕೇಳಿ, ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಮಾತ್ರ ಇರುತ್ತದೆ. ಸೌದೆ ಒಲೆ 450 ಡಿಗ್ರಿ ಆಸುಪಾಸು ಕಾದಿರುತ್ತದೆ. ಒಂದೂವರೆ ನಿಮಿಷದೊಳಗೆ ಪಿಜ್ಜಾ ಹೊರಗೆ ಬರಬೇಕು. ಮನೆಯ ಓವನ್ನಿನಲ್ಲಿ ಅದು ಬರಲ್ಲ, ಹಾಗಾಗಿ ಒಲೆಯ ಮುಂದೆ ನಿಮ್ಮನ್ನೇ ನಿಲ್ಲಿಸುವ ಕಡೆಗೆ ಹೋಗಿ. ಅಂಗೈಯಲ್ಲಿ ತಟ್ಟುವ ಆ ಕಲೆಯನ್ನು ಯುನೆಸ್ಕೊ 2017ರಲ್ಲೇ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇಡೀ ಇಟಲಿಯ ಅಡುಗೆ ಸೇರಿದ್ದು 2025ರ ಡಿಸೆಂಬರ್‌ನಲ್ಲಿ, ಅದೂ ನಮ್ಮ ದೆಹಲಿಯಲ್ಲಿ ನಡೆದ ಸಭೆಯಲ್ಲಿ. ನಮ್ಮ ದೀಪಾವಳಿಯೂ ಅದೇ ಸಭೆಯಲ್ಲಿ ಸೇರಿತು.


ರಾಗಿ ರೊಟ್ಟಿ | ಲಂಡನ್

ಮೇಡಂ, ದಕ್ಷಿಣಕ್ಕೆ ಹೋಗುವುದಾದರೆ ಪುಲ್ಯಾ ಸೀಮೆಯ ಬಾರಿ ಅನ್ನುವ ಊರಿಗೆ ಹೋಗಿ. ಆ ಸೀಮೆಯ ಪಾಸ್ತಾಕ್ಕೆ ಮೊಟ್ಟೆ ಹಾಕುವ ರೂಢಿಯೇ ಕಡಿಮೆ. ಡ್ಯೂರಮ್ ಅನ್ನುವ ಗಟ್ಟಿ ಗೋಧಿಯ ನುಣ್ಣನೆ ರವೆ, ಉಗುರುಬೆಚ್ಚಗಿನ ನೀರು. ರವೆ ಎರಡು ಭಾಗ ಇದ್ದರೆ ನೀರು ಒಂದು ಭಾಗ. ಹಳೇ ಊರಿನಲ್ಲಿ ಆರ್ಕೊ ಬಾಸ್ಸೊ ಅಂತ ಓಣಿ ಇದೆ. ಅಲ್ಲಿ ಹೆಂಗಸರು ಮನೆಯ ಬಾಗಿಲಲ್ಲೇ ಮೇಜು ಹಾಕಿಕೊಂಡು ಓರೆಕ್ಯೆತ್ತೆ ಮಾಡುತ್ತಾರೆ. ಪುಟ್ಟ ಕಿವಿ ಅಂತ ಅರ್ಥ. ಹೊಸೆದ ಹಗ್ಗದಿಂದ ಒಂದು ತುಂಡು ಕತ್ತರಿಸಿ, ಮೊಂಡು ಚಾಕುವಿನಿಂದ ತಮ್ಮ ಕಡೆಗೆ ಎಳೆಯುತ್ತಾರೆ. ಅದು ಸುರುಳಿಯಾಗುತ್ತದೆ. ಹೆಬ್ಬೆರಳಿಗೆ ಹಾಕಿ ಮಗುಚಿದರೆ ಕಿವಿ. ಚಾಕು ಎಳೆಯುವ ಸದ್ದು ಓಣಿ ತುಂಬ ಕೇಳುತ್ತಿರುತ್ತದೆ. ನಾನು ಮೂರು ಗಂಟೆ ಕೂತು ಕಲಿತೆ. ಮೊದಲ ಗಂಟೆಯಲ್ಲಿ ಮಾಡಿದ್ದೆಲ್ಲ ಹರಿದವು.

ಅಲ್ಲಿ ಅದನ್ನು ಚೀಮೆ ದಿ ರಾಪಾ ಅನ್ನುವ ಕಹಿ ಸೊಪ್ಪಿನ ಜೊತೆ ಮಾಡುತ್ತಾರೆ. ಸೊಪ್ಪು ಅಂತ ನಂಬಿ ತಿನ್ನಬೇಡಿ, ಅದರಲ್ಲಿ ಅಚ್ಚೂಗೆ ಮೀನು ಕರಗಿಸಿ ಹಾಕುವುದು ರೂಢಿ. ಸೆಂತ್ಸಾ ಅಚ್ಚೂಗೆ ಅಂತ ಮೊದಲೇ ಹೇಳಿ. ಮನೆಯಲ್ಲಿ ನಾನು ಸಾಸಿವೆ ಸೊಪ್ಪು ಹಾಕುತ್ತೇನೆ, ಸೊಗಸಾಗಿರುತ್ತದೆ.

ಆಗಸ್ಟ್ ಮಧ್ಯದಲ್ಲಿ ಹೋಗಬೇಡಿ. 15ಕ್ಕೆ ಅವರ ದೊಡ್ಡ ರಜೆ, ಸಣ್ಣ ಅಂಗಡಿ, ಮನೆ ಕ್ಲಾಸ್ ಎಷ್ಟೋ ಮುಚ್ಚಿರುತ್ತವೆ.


ಮಿತವ್ಯಯಿ

ಎಲ್ಲರದ್ದೂ ಓದಿದೆ. ನನ್ನ ಮಾತು ವಾಪಸ್ ತಗೋತೀನಿ. ನಮ್ಮವಳಿಗೆ ಓದಿ ಹೇಳಿದೆ. ಅವಳು ಶಾವಿಗೆ ಒತ್ತುವವಳು. ಪಾಸ್‌ಪೋರ್ಟ್ ಮಾಡಿಸಲು ಏನೇನು ಬೇಕು ಅಂತ ಕೇಳಿದಳು. ಡ್ಯೂರಮ್ ರವೆ ಇಲ್ಲಿ ಸಿಗುತ್ತದಾ?


ಜಯನಗರದ ಅಡುಗೆಮನೆ

ಸಿಗುತ್ತದೆ ಸರ್, ನಿಮ್ಮ ಬೀದಿಯ ಅಂಗಡಿಯಲ್ಲೇ. ನಮ್ಮ ಬನ್ಸಿ ರವೆ ಡ್ಯೂರಮ್ ಗೋಧಿಯದ್ದೇ. ಆದರೆ ತರಿ ದಪ್ಪ. ಹಾಗೇ ಕಲಸಿದರೆ ಬಿರುಕು ಬಿಡುತ್ತದೆ. ನಾನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದೆ. 200 ಗ್ರಾಂಗೆ 100 ಗ್ರಾಂ ಬಿಸಿನೀರು. ಹತ್ತು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಇಟ್ಟೆ. ಹಾಗೆ ಮಾಡಿದಾಗ ಸರಿಯಾಗಿ ಬಂತು. ಬೇಯಿಸುವಾಗ 100 ಗ್ರಾಂ ಪಾಸ್ತಾಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ನೀರಿಗೆ ಎಣ್ಣೆ ಬೇಡ, ಸಾಸ್ ಹಿಡಿಯಲ್ಲ. ಬಸಿಯುವ ಮುಂಚೆ ಒಂದು ಸೌಟು ನೀರು ತೆಗೆದಿಟ್ಟು ಸಾಸಿಗೆ ಹಾಕಿ.

ರಾಗಿ ರೊಟ್ಟಿ ಅವರೇ, ಬಾರಿ ಖಾಯಂ ಆಯಿತು. ಸೆಪ್ಟೆಂಬರ್ ಅಂತ ಇಟ್ಟುಕೊಂಡಿದ್ದೇವೆ. ಅಮ್ಮ ಆಗಲೇ ಒಂದು ಕಟ್ಟು ಹೂಬತ್ತಿ ಎತ್ತಿಟ್ಟಿದ್ದಾರೆ.

ಈಗ ತಾರಸಿಯ ಮೇಲೆ ಸಂಡಿಗೆ ಪಕ್ಕದಲ್ಲೇ ಹಳೇ ಪಂಚೆ ಹಾಸಿ ಸ್ತ್ರೊತ್ಸಾಪ್ರೇತಿ ಒಣಗಲು ಹಾಕಿದ್ದಾರೆ. ಗಿರಣಿ ಓಣಿಯವರೇ, ಗವಲಿಗೆ ಬಾಚಣಿಗೆ ಯಾವುದು ಆಗುತ್ತದೆ? ಅಮ್ಮ ಕೇಳುತ್ತಿದ್ದಾರೆ.


ಗಿರಣಿ ಓಣಿ

ಮರದ್ದೇ ಬೇಕು ಅಕ್ಕಾ, ಪ್ಲಾಸ್ಟಿಕ್ಕು ಬೇಡ. ಹಲ್ಲು ಒತ್ತೊತ್ತಾಗಿರಬೇಕು. ಜಾತ್ರೆಯಲ್ಲಿ ಸಿಗುತ್ತವೆ. ವಿಳಾಸ ನನಗೆ ಬೇರೆಯಾಗಿ ಕಳಿಸಿ, ನಮ್ಮವ್ವನ ಹತ್ತಿರ ಬಳಸದೇ ಇರುವ ಎರಡು ಇವೆ. ಒಂದು ಅಮ್ಮನಿಗೆ, ಇನ್ನೊಂದನ್ನು ಬಾರಿಗೆ ತಗೊಂಡು ಹೋಗಿ.